ಹತ್ತಿಯ ಮಳೆಯಂಗಿ: ಕೊಳ್ಳುವುದೋ, ಕಾಪಾಡುವುದೋ?

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಜನರಿಗೆ ಮಳೆಯೆಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಘಟ್ಟದ ಬುಡಕ್ಕೆ ಒರಗಿಕೊಂಡಿರುವ ಈ ನಾಡಿನಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ. ಮಳೆಗೆ ಹೆಸರಾದ ಲಂಡನ್ ನಗರದಲ್ಲಿ ವರ್ಷವಿಡೀ ಬೀಳುವ ನೀರು 600 ಮಿಲಿಮೀಟರಿನ ಆಸುಪಾಸು. ನಮ್ಮಲ್ಲಿ ಜುಲೈ ತಿಂಗಳೊಂದೇ ಅದನ್ನು ಮೀರಿಸುತ್ತದೆ. ಇಂತಹ ನಾಡಿನ ಜನ ಮಳೆಯಂಗಿಯ ವಿಷಯದಲ್ಲಿ ಲೋಕಕ್ಕೆ ಬುದ್ಧಿ ಹೇಳುವಂತಿರಬೇಕಿತ್ತು. ಆದರೆ ಕಾಣುವುದೇನು? ಮಳೆಗಾಲದ ಆರಂಭದಲ್ಲಿ ಪೇಟೆಯಿಂದ ತೆಳ್ಳನೆಯ ಪ್ಲಾಸ್ಟಿಕ್ ಅಂಗಿಯೊಂದು ಮನೆಗೆ ಬರುತ್ತದೆ. ಚೌತಿಯ ಹೊತ್ತಿಗೆ ಅದು ಕಂಕುಳಲ್ಲಿ ಹರಿಯುತ್ತದೆ. ಕೊನೆಗೆ ತೋಟದ ಮೂಲೆಗೋ ಬಚ್ಚಲೊಲೆಗೋ ಸೇರುತ್ತದೆ. ಬೆಟ್ಟ ಹತ್ತುವವರೂ ದ್ವಿಚಕ್ರ ವಾಹನದವರೂ ಕೊಂಡ ದಪ್ಪ ಹತ್ತಿಯ ಜಾಕೆಟ್ಟಿನ ಪಾಡೂ ಬೇರೆಯಲ್ಲ. ಎರಡು ಮಳೆಗಾಲ ಅದು ನೀರನ್ನು ತಡೆಯುತ್ತದೆ. ಮೂರನೆಯದರಲ್ಲಿ ಹೆಗಲ ಬಳಿ ಒಸರತೊಡಗುತ್ತದೆ. 'ಇದು ಕೆಟ್ಟಿತು' ಎಂದು ಬದಿಗೆ ಬೀಳುತ್ತದೆ. ಅದು ಕೆಟ್ಟಿಲ್ಲ, ಅದರ ಲೇಪ ಮಾತ್ರ ಸವೆದಿದೆ, ಆ ಲೇಪವನ್ನು ಮನೆಯಲ್ಲಿಯೇ ಮರಳಿ ಕೊಡಬಹುದು ಎಂಬುದೇ ಈ ಲೇಖನದಲ್ಲಿ ನಾವು ಹೇಳಹೊರಟಿರುವ ಮಾತು.

ಮಳೆಯನ್ನು ತಡೆಯುವುದು ಒಂದು ಸಲ ಕೊಂಡು ಮುಗಿಸುವ ವಸ್ತುವಲ್ಲ, ವರ್ಷವರ್ಷವೂ ಮಾಡುವ ಕೆಲಸ ಎಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಮುಳಿಹುಲ್ಲಿನ ಮಾಡಿಗೆ ಕಾಲಕಾಲಕ್ಕೆ ಹೊಸ ಹೊದಿಕೆ ಬೀಳುತ್ತಿತ್ತು. ಹೊದಿಸದೆ ಬಿಟ್ಟ ಮಾಡು ಸೋರಿದರೆ ಹುಲ್ಲನ್ನು ಯಾರೂ ಬೈಯುತ್ತಿರಲಿಲ್ಲ. ಇಂದಿಗೂ ಅಡಕೆಯ ಕೃಷಿಕರು ಇದೇ ನ್ಯಾಯವನ್ನು ಪಾಲಿಸುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ಬಳಕೆಗೆ ದಾರಿ ಮಾಡಿದಂದಿನಿಂದ, ಮಳೆಗಾಲಕ್ಕೆ ಮುನ್ನ ಒಮ್ಮೆ, ನಡುವೆ ಇನ್ನೊಮ್ಮೆ ಮರಕ್ಕೆ ಮದ್ದು ಬಿಡುವುದು ವಾಡಿಕೆಯಾಗಿದೆ. ಮಳೆಗೆ ಮದ್ದು ತೊಳೆದುಹೋಗುತ್ತದೆ, ಆದುದರಿಂದ ಮತ್ತೆ ಬಿಡಬೇಕು. ಇದರಲ್ಲಿ ಯಾರಿಗೂ ಸಂದೇಹವಿಲ್ಲ. ಅಡಕೆಗೊನೆಗೆ ವರ್ಷವರ್ಷವೂ ಲೇಪ ಕೊಡುವ ನಾವು ನಮ್ಮ ಮೈಯಂಗಿಗೆ ಅದನ್ನೇಕೆ ಕೊಡಬಾರದು?

ಲೇಪವು ಮಾಡುವ ಕೆಲಸವಾದರೂ ಏನು? ಹತ್ತಿಯ ಎಳೆಯು ಸೆಲ್ಯುಲೋಸಿನಿಂದಾದುದು. ಸೆಲ್ಯುಲೋಸಿನ ಅಣುವಿನ ಉದ್ದಕ್ಕೂ ನೀರನ್ನು ಕೈಚಾಚಿ ಹಿಡಿಯಬಲ್ಲ ಹೈಡ್ರಾಕ್ಸಿಲ್ ಗುಂಪುಗಳಿವೆ. ಆದುದರಿಂದ ಬರಿಯ ಹತ್ತಿಯ ಮೇಲೆ ಬಿದ್ದ ಹನಿ ಹರಡಿಕೊಳ್ಳುತ್ತದೆ. ಎಳೆಎಳೆಗಳ ನಡುವಣ ಸಂದುಗಳು ಕೂದಲಿನಷ್ಟು ಸಣ್ಣ ಕೊಳವೆಗಳಂತೆ ಅದನ್ನು ಒಳಕ್ಕೆ ಸೆಳೆಯುತ್ತವೆ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದೂ ಹೀಗೆಯೇ. ಈಗ ಕೆಸುವಿನ ಎಲೆಯನ್ನು ನೋಡಿ. ಪತ್ರೊಡೆಗೆಂದು ಎಲೆ ಕೊಯ್ಯುವಾಗ ಅದರ ಮೇಲಿನ ಹನಿ ಪಾದರಸದಂತೆ ಉರುಳಿಹೋಗುವುದನ್ನು ಕಾಣದವರಿಲ್ಲ. ಆ ಎಲೆಯ ಮೈಯಲ್ಲಿ ಸೂಕ್ಷ್ಮವಾದ ಉಬ್ಬುಗಳಿವೆ, ಉಬ್ಬುಗಳ ಮೇಲೆ ಮೇಣದ ಹರಳುಗಳಿವೆ. ತಾವರೆ, ಕೆಸು ಮೊದಲಾದ ಎಲೆಗಳ ಈ ಗುಣವನ್ನು ಜರ್ಮನಿಯ ವಿಲ್‌ಹೆಲ್ಮ್ ಬಾರ್ತ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹುಯಿಸ್ ಎಂಬ ಸಸ್ಯವಿಜ್ಞಾನಿಗಳು 1997ರಲ್ಲಿ ವಿವರಿಸಿದರು. ಹನಿಯ ಅಂಚು ಮೈಯೊಡನೆ ಮಾಡುವ ಕೋನಕ್ಕೆ ಸ್ಪರ್ಶಕೋನವೆಂದು ಹೆಸರು. ಅದು 90 ಡಿಗ್ರಿಗಿಂತ ಕಡಿಮೆಯಾದರೆ ನೀರು ಸಂದಿನೊಳಕ್ಕೆ ತಾನಾಗಿ ನುಗ್ಗುತ್ತದೆ. ಹೆಚ್ಚಾದರೆ ನೀರನ್ನು ಒತ್ತಿ ನುಗ್ಗಿಸಬೇಕಾಗುತ್ತದೆ. ಕೆಸುವಿನಂತಹ ಎಲೆಗಳಲ್ಲಿ ಅದು 150 ಡಿಗ್ರಿಯನ್ನು ದಾಟುತ್ತದೆ. ಪ್ಯಾರಾಫಿನ್ ಮೇಣದ ಮೇಲೆ ಸುಮಾರು 105ರಿಂದ 110 ಡಿಗ್ರಿ. ಇಷ್ಟೇ ಸಾಕು, ಹತ್ತಿಯ ಬಾಯಾರಿಕೆ ಅಡಗುತ್ತದೆ.

ಎಷ್ಟರಮಟ್ಟಿಗೆ ಅಡಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಮೇಣ ಹಿಡಿಸಿದ ಬಟ್ಟೆಯಲ್ಲಿ 50 ಮೈಕ್ರೋಮೀಟರ್ ಅಗಲದ ಸಂದು ಉಳಿದಿದ್ದರೆ, ಸುಮಾರು 20 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡ ಬರುವವರೆಗೆ ಅದು ತಡೆದುಕೊಳ್ಳುತ್ತದೆ. ಸಂದು 10 ಮೈಕ್ರೋಮೀಟರಿಗೆ ಇಳಿದರೆ ತಡೆಯು ಒಂದು ಮೀಟರಿಗೆ ಏರುತ್ತದೆ. ಇನ್ನು ಬೆನ್ನಮೇಲೆ ಹತ್ತು ಕಿಲೋಗ್ರಾಂ ಚೀಲ ಹೊತ್ತು ಸುಬ್ರಹ್ಮಣ್ಯದಿಂದ ಕುಮಾರಪರ್ವತಕ್ಕೆ ಹೊರಟವನನ್ನು ಭಾವಿಸಿ. ಚೀಲದ ಎರಡು ಪಟ್ಟಿಗಳೂ ಕೂಡಿ ಹೆಗಲಿನ 200 ಚದರ ಸೆಂಟಿಮೀಟರ್ ಜಾಗದ ಮೇಲೆ ಕೂತರೆ, ಪ್ರತಿ ಚದರ ಸೆಂಟಿಮೀಟರಿಗೆ 50 ಗ್ರಾಂ ಭಾರ ಬೀಳುತ್ತದೆ. ಎಂದರೆ 50 ಸೆಂಟಿಮೀಟರ್ ನೀರಿನ ಒತ್ತಡ. ಮೈಯ ಉಳಿದ ಕಡೆ ಒಣಗಿದ್ದರೂ ಹೆಗಲು ಮೊದಲು ನೆನೆಯುವುದರ ರಹಸ್ಯ ಇದೇ. ಆದುದರಿಂದ ಹೆಗಲಲ್ಲಿ ನೀರು ಒಸರಿದ ಮಾತ್ರಕ್ಕೆ ಜಾಕೆಟ್ಟೆಲ್ಲವೂ ಹಾಳಾಯಿತೆಂದು ತೀರ್ಮಾನಿಸುವುದು ಅವಸರದ ಮಾತು.

ಈ ವಿದ್ಯೆಯು ಹಳೆಯದು. ಯುರೋಪಿನ ನಾವಿಕರು ಹಡಗಿನ ಪಟಗಳಿಗೆ ಎಣ್ಣೆ ಹಿಡಿಸುತ್ತಿದ್ದರು. ಹಳೆಯ ಪಟದ ತುಂಡುಗಳೇ ಅವರ ಮಳೆಯಂಗಿಗಳಾದುವು. ಅಗಸೆ ಎಣ್ಣೆಯ ಲೇಪವು ಕಾಲಕ್ರಮದಲ್ಲಿ ಹಳದಿಗಟ್ಟಿ ಬಿರುಸಾಗುತ್ತಿದ್ದುದರಿಂದ ಮುಂದೆ ಅದರ ಸ್ಥಾನಕ್ಕೆ ಮೇಣ ಬಂದಿತು. ಇಂಗ್ಲೆಂಡಿನ ಸೌತ್ ಶೀಲ್ಡ್ಸ್ ಬಂದರಿನಲ್ಲಿ 1894ರಲ್ಲಿ ಆರಂಭವಾದ ಬಾರ್ಬರ್ ಸಂಸ್ಥೆಯು ಮೇಣದಂಗಿಗಳಿಗೆ ಹೆಸರಾಗಿದೆ. ಹಳೆಯ ಅಂಗಿಗಳನ್ನು ಮರಳಿ ಪಡೆದು ಮೇಣ ಹಿಡಿಸಿಕೊಡುವ ಕ್ರಮವನ್ನು ಅದು ಇಂದಿಗೂ ಉಳಿಸಿಕೊಂಡಿದೆ. ಇನ್ನೊಂದು ದಾರಿಯನ್ನು ಹಿಡಿದವನು ಗ್ಲಾಸ್ಗೋ ನಗರದ ಚಾರ್ಲ್ಸ್ ಮ್ಯಾಕಿಂಟಾಷ್. ಅವನು 1823ರಲ್ಲಿ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರನ್ನು ಸೇರಿಸಿ ಅಂಟಿಸಿದನು. ಸುಳ್ಯ, ಕಡಬಗಳ ವಾಚಕರಿಗೆ ಇದು ದೂರದ ಕಥೆಯಲ್ಲ. 1964ರ ಭಾರತ-ಸಿಲೋನ್ ಒಪ್ಪಂದದ ತರುವಾಯ ಸಿಲೋನಿನಿಂದ ಬಂದ ತಮಿಳು ಕುಟುಂಬಗಳಿಗೆ ಆಸರೆಯಾದ ರಬ್ಬರ್ ತೋಟಗಳು ಅವರ ಊರಿನಲ್ಲಿಯೇ ಇವೆ. ರಬ್ಬರ್ ನೀರನ್ನು ಪೂರ್ಣವಾಗಿ ತಡೆಯುತ್ತದೆ. ಬೆವರನ್ನೂ ಅಷ್ಟೇ ಪೂರ್ಣವಾಗಿ ತಡೆಯುತ್ತದೆ. ಮೂರನೆಯ ದಾರಿಯು ಎರಡನೆಯ ಮಹಾಯುದ್ಧದ ಕಾಲದ್ದು. ತಣ್ಣನೆಯ ಸಮುದ್ರಕ್ಕೆ ಬೀಳುವ ವಿಮಾನಚಾಲಕರನ್ನು ಉಳಿಸಲೋಸುಗ ಮ್ಯಾಂಚೆಸ್ಟರಿನ ಶರ್ಲಿ ಸಂಶೋಧನಾಲಯದವರು ಉದ್ದನೆಯ ಎಳೆಯ ಹತ್ತಿಯನ್ನು ಅತಿ ಒತ್ತಾಗಿ ನೇಯಿಸಿ ವೆಂಟೈಲ್ ಎಂಬ ಬಟ್ಟೆಯನ್ನು ಸಿದ್ಧಪಡಿಸಿದರು. ಅದು ನೆನೆದೊಡನೆ ಎಳೆಗಳು ಉಬ್ಬಿ ಸಂದುಗಳನ್ನು ತಾವೇ ಮುಚ್ಚುತ್ತವೆ. ನೀರನ್ನು ಹೀರುವ ಹತ್ತಿಯ ದೋಷವನ್ನೇ ಗುಣವನ್ನಾಗಿ ಮಾಡಿದ ಜಾಣತನವಿದು.

ಇನ್ನು ಮಾಡುವ ಕ್ರಮ. ಮೊದಲು ಜಾಕೆಟ್ಟಿನ ಅಲ್ಲಲ್ಲಿ ಒಂದೊಂದು ಹನಿ ನೀರು ಹಾಕಿ ನೋಡಬೇಕು. ಹನಿ ಗುಂಡಗೆ ನಿಂತರೆ ಲೇಪವಿದೆ. ಹರಡಿ ಕಪ್ಪಾದರೆ ಸವೆದಿದೆ. ಮೇಣದ ಜಾಕೆಟ್ಟನ್ನು ಬಿಸಿನೀರಿನಲ್ಲಿ ಅದ್ದಬಾರದು, ಸಾಬೂನಿನ ಪುಡಿ ಸೋಂಕಿಸಬಾರದು. ಸಾಬೂನಿನ ಶೇಷವು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ, ನಾವು ಹೊರಗಿಡಬೇಕಾದ ನೀರಿಗೆ ತಾನೇ ಬಾಗಿಲು ತೆರೆಯುತ್ತದೆ. ತಣ್ಣೀರಿನಿಂದ ಉಜ್ಜಿ, ಮಣ್ಣನ್ನು ತೆಗೆದು, ಪೂರಾ ಒಣಗಿಸಬೇಕು. ಅನಂತರ ಜೇನುಮೇಣ ಮತ್ತು ಪ್ಯಾರಾಫಿನ್ ಮೇಣಗಳನ್ನು ಸಮಭಾಗವಾಗಿ ಕರಗಿಸಿ, ಅಚ್ಚು ಹೊಯ್ದು, ಗಟ್ಟಿಯಾದ ತುಂಡಿನಿಂದ ಬಟ್ಟೆಯನ್ನು ತಿಕ್ಕಬೇಕು. ಹೆಗಲು, ಮೊಣಕೈ, ಹೊಲಿಗೆಗಳಿಗೆ ಎರಡು ಸಲ. ಆಮೇಲೆ ಹಳೆಯ ಬಟ್ಟೆಯೊಂದನ್ನು ಮೇಲೆ ಹಾಸಿ ಹದವಾದ ಇಸ್ತ್ರಿಪೆಟ್ಟಿಗೆಯನ್ನು ಆಡಿಸಿದರೆ ಮೇಣವು ಕರಗಿ ಎಳೆಗಳೊಳಕ್ಕೆ ಇಳಿಯುತ್ತದೆ. ಒಂದು ದಿನ ನೆರಳಲ್ಲಿ ತೂಗಹಾಕಿದರೆ ಕೆಲಸ ಮುಗಿಯಿತು. ಜೇನುಮೇಣವು 62ರಿಂದ 64 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವುದು; ಕೆಲವು ಪ್ಯಾರಾಫಿನ್‌ಗಳು 50ರ ಒಳಗೇ ಕರಗುವುವು. ನಮ್ಮ ಬಿಸಿಲಿಗೆ ಜೇನುಮೇಣವೇ ಮೇಲು. ಅದೂ ನಮಗೆ ಹೊರಗಿನಿಂದ ಬರಬೇಕಾದ ಪದಾರ್ಥವಲ್ಲ. ಜೇನುಸಾಕಣೆಯು ಈ ಭಾಗದಲ್ಲಿ ಬಹುಕಾಲದಿಂದ ನೆಲೆಯೂರಿದ ಕಸಬು, ಜೇನು ಕೃಷಿಕರ ಸಹಕಾರಿ ಸಂಘವು ಪುತ್ತೂರಿನಲ್ಲಿಯೇ ಇದೆ.

ತೆಳು ಬಟ್ಟೆಗೆ ಮೇಣವು ಭಾರವೆನಿಸಿದರೆ ಇನ್ನೊಂದು ಉಪಾಯವುಂಟು. ಬಟ್ಟೆಯನ್ನು ಮೊದಲು ಸಾಬೂನಿನ ನೀರಿನಲ್ಲಿ ನೆನೆಸಿ ಹಿಂಡಿ, ಬಳಿಕ ಪಟಿಕದ ನೀರಿನಲ್ಲಿ ಅದ್ದಬೇಕು. ಸಾಬೂನಿನ ಸೋಡಿಯಂ ಇದ್ದ ಜಾಗಕ್ಕೆ ಪಟಿಕದ ಅಲ್ಯುಮಿನಿಯಂ ಬಂದು ಕೂತು, ನೀರಿನಲ್ಲಿ ಕರಗದ ಅಲ್ಯುಮಿನಿಯಂ ಸಾಬೂನು ಎಳೆಯೆಳೆಯಲ್ಲಿಯೂ ಉಂಟಾಗುತ್ತದೆ. ಇದು ಸಂದುಗಳನ್ನು ಮುಚ್ಚುವುದಿಲ್ಲ. ಎಳೆಗಳ ಬಾಯಾರಿಕೆಯನ್ನಷ್ಟೇ ಕಳೆಯುತ್ತದೆ. ಆದುದರಿಂದ ಗಾಳಿಯಾಡುತ್ತದೆ, ಜಿನುಗು ಮಳೆಗೆ ಸಾಲುತ್ತದೆ. ಆಟಿಯ ಜಡಿಮಳೆಗೆ ಸಾಲದು. ಪಟಿಕವು ಆಮ್ಲಗುಣವುಳ್ಳದ್ದಾದುದರಿಂದ ಕೊನೆಗೊಮ್ಮೆ ತಿಳಿನೀರಿನಲ್ಲಿ ಜಾಲಿಸದಿದ್ದರೆ ವರ್ಷಗಳು ಕಳೆದಂತೆ ಹತ್ತಿಯು ನಿಶ್ಶಕ್ತವಾಗುತ್ತದೆ.

ಕೆಲವು ಎಚ್ಚರಿಕೆಯ ಮಾತುಗಳು ಅವಶ್ಯ. ಮೇಣವನ್ನು ಎಂದಿಗೂ ನೇರವಾಗಿ ಒಲೆಯ ಮೇಲಿಡಬಾರದು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ತೆಳ್ಳಗಾಗಲೆಂದು ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಬೆರೆಸುವುದು ಸಾವಿಗೆ ಕರೆಯೋಲೆ. ಅಗಸೆ ಎಣ್ಣೆಯಲ್ಲಿ ತೊಯ್ದ ಚಿಂದಿಯನ್ನು ಮುದ್ದೆ ಮಾಡಿ ಎಸೆದರೆ ಅದು ಗಾಳಿಯ ಆಮ್ಲಜನಕದೊಡನೆ ಸೇರುತ್ತ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಮೇಣದ ಬಟ್ಟೆಯೂ ಬತ್ತಿಯಂತೆ ಉರಿಯಬಲ್ಲುದೆಂಬುದನ್ನು ಮರೆಯದೆ ಒಲೆಯಿಂದ ದೂರವಿರಬೇಕು. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮೀನುಬಲೆಗೂ ದೋಣಿಗೂ ಹಚ್ಚುವುದುಂಟಲ್ಲ, ಅಂಗಿಗೂ ಆಗದೆ ಎಂದು ಯಾರಾದರೂ ಕೇಳಿಯಾರು. ಗೇರು ಸಂಶೋಧನೆಯ ರಾಷ್ಟ್ರೀಯ ಕೇಂದ್ರವೇ ಪುತ್ತೂರಿನಲ್ಲಿರುವಾಗ ಈ ಪ್ರಶ್ನೆ ಸಹಜವಾದುದು. ಆದರೆ ಆ ಎಣ್ಣೆಯು ಚರ್ಮಕ್ಕೆ ತಾಗಿದರೆ ಸುಟ್ಟು ಬೊಕ್ಕೆಯೇಳುತ್ತದೆ. ಮೈಯ ಬಟ್ಟೆಗೆ ಅದು ಸಲ್ಲದು. ಹಾಗೆಯೇ ಮೇಣದಂಗಿಯು ಮಳೆಯನ್ನು ತಡೆಯುವುದೇ ಹೊರತು ಎಣ್ಣೆಯಲ್ಲಿ ಕರಗಿಸಿದ ಕೀಟನಾಶಕವನ್ನಲ್ಲ. ಔಷಧ ಸಿಂಪಡಿಸುವ ಕೆಲಸಕ್ಕೆ ಅದನ್ನು ರಕ್ಷಾಕವಚವೆಂದು ನಂಬಬಾರದು.

ಇಷ್ಟೆಲ್ಲ ತೊಂದರೆಯೇಕೆ, ಪೇಟೆಯಲ್ಲಿ ಸಿಂಪಡಿಸುವ ಡಬ್ಬಿ ದೊರೆಯುವುದಲ್ಲ ಎನ್ನುವವರಿಗೆ ಉತ್ತರ ಹೇಳಬೇಕಾಗಿದೆ. ಜಲನಿರೋಧಕ ಸಿಂಪಡಿಕೆಗಳಲ್ಲಿ ಹಲವು ಕಾಲದವರೆಗೆ ಇಂಗಾಲ ಮತ್ತು ಫ್ಲೋರೀನ್‌ಗಳು ಬೆಸೆದುಕೊಂಡ ಸಂಯುಕ್ತಗಳು ಮುಖ್ಯವಾಗಿದ್ದುವು. ಅವುಗಳ ಬಳಕೆ ಇನ್ನೂ ಪೂರ್ಣವಾಗಿ ನಿಂತಿಲ್ಲ. ಪಿ.ಎಫ್.ಎ.ಎಸ್. ಎಂಬ ಹೆಸರಿನ ಈ ಬಳಗವು ನೀರು, ಎಣ್ಣೆ ಎರಡನ್ನೂ ದೂರವಿಡುತ್ತದೆ. ಆದರೆ ಇಂಗಾಲ-ಫ್ಲೋರೀನ್ ಬಂಧವು ಎಷ್ಟು ದೃಢವೆಂದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಅರಗಿಸಲಾರವು. ಈ ಬಳಗದ ಪಿ.ಎಫ್.ಒ.ಎಸ್. 2009ರಲ್ಲಿಯೂ ಪಿ.ಎಫ್.ಒ.ಎ. 2019ರಲ್ಲಿಯೂ ಸ್ಟಾಕ್‌ಹೋಮ್ ಒಪ್ಪಂದದ ವಿಷವಸ್ತುಗಳ ಪಟ್ಟಿಗೆ ಸೇರಿದುವು. ನಮ್ಮ ಜಾಕೆಟ್ಟಿನಿಂದ ತೊಳೆದುಹೋದದ್ದು ಎಲ್ಲಿಗೆ ಹೋಗುತ್ತದೆ? ಪುಷ್ಪಗಿರಿಯ ಇಳಿಜಾರಿನಲ್ಲಿ ಬಿದ್ದ ನೀರು ಕುಮಾರಧಾರೆಯನ್ನು ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ನೇತ್ರಾವತಿಯ ನೀರನ್ನು ತುಂಬೆಯಲ್ಲಿ ಎತ್ತಿ ಮಂಗಳೂರಿಗರು ಕುಡಿಯುತ್ತಾರೆ. ಸಾಧಾರಣ ಶುದ್ಧೀಕರಣದಿಂದ ಈ ವಸ್ತುಗಳು ಬೇರ್ಪಡುವುದಿಲ್ಲ. ಮೇಲಿನವನು ತನ್ನ ಬೆನ್ನು ಒಣಗಿರಲೆಂದು ಕೆಳಗಿನವನ ಕೊಡವನ್ನು ಕೆಡಿಸುವುದು ಯಾವ ನ್ಯಾಯ? ಹರಿದ ಪ್ಲಾಸ್ಟಿಕ್ ಅಂಗಿಯನ್ನು ಅಡಕೆಸಿಪ್ಪೆಯೊಡನೆ ಬಚ್ಚಲೊಲೆಗೆ ತುರುಕುವುದೂ ಇದೇ ಬಗೆಯ ಅನ್ಯಾಯ. ಅದು ಪಿ.ವಿ.ಸಿ. ಆಗಿದ್ದರೆ ಅದರ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಡಯಾಕ್ಸಿನ್ನುಗಳೂ ಇರುತ್ತವೆ. ಅದನ್ನು ಮೊದಲು ಉಸಿರಾಡುವವರು ಮನೆಯ ಹೆಂಗಸರು, ಮಕ್ಕಳು.

ಮೇಣದಂಗಿಯೇ ಸರ್ವರೋಗಕ್ಕೂ ಮದ್ದೆಂದು ನಾವು ಸಾರುತ್ತಿಲ್ಲ. ನಮ್ಮ ಮಳೆಗೂ ಇಂಗ್ಲೆಂಡಿನ ಮಳೆಗೂ ಮುಖ್ಯವಾದ ಭೇದವೊಂದಿದೆ. ಬೆವರು ಆವಿಯಾಗಿ ಹೊರಹೋಗಬೇಕಾದರೆ ಮೈಯ ಬಳಿಯ ಆವಿಯ ಒತ್ತಡವು ಹೊರಗಿನದಕ್ಕಿಂತ ಹೆಚ್ಚಾಗಿರಬೇಕು. 35 ಡಿಗ್ರಿಯ ಚರ್ಮದ ಬಳಿ ಅದು ಹೆಚ್ಚೆಂದರೆ 5.6 ಕಿಲೋಪ್ಯಾಸ್ಕಲ್. ಹೊರಗೆ 8 ಡಿಗ್ರಿ ಚಳಿಯಿದ್ದು ಆರ್ದ್ರತೆ ನೂರಕ್ಕೆ 80 ಇದ್ದರೆ ಅಂತರವು 4.7ಕ್ಕೂ ಹೆಚ್ಚು. ಆಟಿ ತಿಂಗಳ ಸುಳ್ಯದಂತೆ 25 ಡಿಗ್ರಿ ಸೆಕೆಯೂ ನೂರಕ್ಕೆ 90 ಆರ್ದ್ರತೆಯೂ ಇದ್ದರೆ ಅಂತರವು ಸುಮಾರು 2.8 ಮಾತ್ರ. 'ಉಸಿರಾಡುವ ಬಟ್ಟೆ' ಎಂದು ದುಬಾರಿ ಬೆಲೆಗೆ ಮಾರುವ ಜಾಕೆಟ್ಟುಗಳೂ ಇಲ್ಲಿ ಏದುಸಿರು ಬಿಡುವುದಕ್ಕೆ ಕಾರಣ ಇದೇ. ಶ್ರಮದ ಕೆಲಸದಲ್ಲಿ ಗಂಟೆಗೆ ಅರ್ಧ ಲೀಟರಿಗೂ ಮಿಕ್ಕಿ ಬೆವರು ಸುರಿಯುವಾಗ ಯಾವ ಬಟ್ಟೆಯೂ ಒಳಗಿನಿಂದ ನೆನೆಯದೆ ಇರದು.

ಈ ಸಮಸ್ಯೆಗೆ ನಮ್ಮ ಹಿರಿಯರು ಕೊಟ್ಟ ಉತ್ತರವು ಬಟ್ಟೆಯಲ್ಲಿರಲಿಲ್ಲ, ಆಕಾರದಲ್ಲಿತ್ತು. ನೇಜಿ ನೆಡುವ ಹೆಂಗಸರು ಬೆನ್ನಿಗೆ ಕವುಚಿಕೊಳ್ಳುತ್ತಿದ್ದ ಗೊರಬೆ, ತುಳುವಿನ ಕೊರಂಬು, ಬಿದಿರು ಮತ್ತು ಎಲೆಗಳಿಂದಾದುದು. ಅದು ಮೈಗೆ ಅಂಟುತ್ತಿರಲಿಲ್ಲ. ಮೇಲಿನಿಂದ ಮಳೆಯನ್ನು ತಡೆದು ಕೆಳಗಿನಿಂದ ಗಾಳಿಯನ್ನು ಬಿಡುತ್ತಿತ್ತು. ಅಡಕೆಯ ಹಾಳೆಯ ಮುಟ್ಟಾಳೆಯೂ ಅಂಥದೇ. ಆದುದರಿಂದ ಬಗ್ಗಿ ದುಡಿಯುವವರಿಗೆ ಮೇಣದ ಜಾಕೆಟ್ಟನ್ನು ನಾವು ಸೂಚಿಸುವುದಿಲ್ಲ. ಸಡಿಲವಾದ, ಕೆಳಗೆ ತೆರೆದ ಹೊದಿಕೆಯೇ ಅವರಿಗೆ ಹಿತ. ವಾಹನದ ಮೇಲೆ ಗಾಳಿಗೆದುರಾಗಿ ಹೋಗುವವರಿಗೆ, ಬೆಟ್ಟದ ಮೇಲಿನ ತಂಪಿನಲ್ಲಿ ನಡೆಯುವವರಿಗೆ, ಮುಳ್ಳುಪೊದೆಗಳ ನಡುವೆ ಕಾಡು ಕಾಯುವವರಿಗೆ ದಪ್ಪ ಹತ್ತಿಯ ಜಾಕೆಟ್ಟು ಸರಿಹೊಂದುತ್ತದೆ. ಪ್ಲಾಸ್ಟಿಕ್ ಮುಳ್ಳಿಗೆ ಹರಿಯುತ್ತದೆ. ಹತ್ತಿಗೆ ತೇಪೆ ಹಾಕಬಹುದು. ಬೂಷ್ಟಿನ ಮಾತು ಉಳಿಯಿತು. ತೇವವಾಗಿ ಮಡಿಸಿಟ್ಟ ಹತ್ತಿಯನ್ನು ಶಿಲೀಂಧ್ರಗಳು ತಿನ್ನುತ್ತವೆ, ಮೇಣವು ಅವನ್ನು ಕೊಲ್ಲದು. ಮನೆಗೆ ಬಂದೊಡನೆ ಜಾಕೆಟ್ಟನ್ನು ಗಾಳಿಯಾಡುವಲ್ಲಿ ಬಿಡಿಸಿ ತೂಗಹಾಕುವುದೊಂದೇ ಇದಕ್ಕೆ ಪರಿಹಾರ.

ನೂರಿನ್ನೂರು ರೂಪಾಯಿಗೆ ಹೊಸ ಪ್ಲಾಸ್ಟಿಕ್ ಅಂಗಿ ಸಿಗುವಾಗ ಅರ್ಧ ದಿನ ಮೇಣ ತಿಕ್ಕುತ್ತ ಕೂರುವವರು ಯಾರು ಎಂಬ ಆಕ್ಷೇಪಣೆ ತೂಕವುಳ್ಳದ್ದು. ಅರ್ಧ ದಿನದ ಕೂಲಿಯು ಅಂಗಿಯ ಬೆಲೆಗಿಂತ ಹೆಚ್ಚೆಂಬುದು ನಿಜ. ಆದರೆ ಈ ಲೆಕ್ಕದಲ್ಲಿ ಹೊಳೆಯ ನೀರಿಗೂ ಬಚ್ಚಲೊಲೆಯ ಹೊಗೆಗೂ ಬೆಲೆ ಕಟ್ಟಿಲ್ಲ; ಒಳ್ಳೆಯ ಜಾಕೆಟ್ಟು ಅಕಾಲದಲ್ಲಿ ಮೂಲೆಗೆ ಬೀಳುವ ನಷ್ಟವನ್ನೂ ಸೇರಿಸಿಲ್ಲ. ಕೆಲಸವನ್ನು ಒಬ್ಬೊಬ್ಬರೇ ಮಾಡಬೇಕೆಂದೇನೂ ಇಲ್ಲ. ಊರಿನ ದರ್ಜಿಯ ಅಂಗಡಿಯಲ್ಲಿ ಇಸ್ತ್ರಿಯಿದೆ, ಬಟ್ಟೆಯ ಹದ ಬಲ್ಲ ಕೈಯಿದೆ. ಜೇನುಗಾರರಲ್ಲಿ ಮೇಣವಿದೆ. ಇವರಿಬ್ಬರನ್ನು ಒಂದೆಡೆ ತಂದರೆ ಮಳೆಗಾಲಕ್ಕೆ ಮುನ್ನ ಹತ್ತಾರು ಕೈಗಳಿಗೆ ಹೊಸ ಸಂಪಾದನೆಯೂ ಆದೀತು.

ಶಾಲೆಗಳು ಮಾಡಬಹುದಾದ ಪ್ರಯೋಗವೊಂದನ್ನೂ ಸೂಚಿಸುತ್ತೇವೆ. ಒಂದು ಮೀಟರ್ ಉದ್ದದ ಪಾರದರ್ಶಕ ಕೊಳವೆಯ ತುದಿಗೆ ಬಟ್ಟೆಯನ್ನು ಬಿಗಿದು ಕಟ್ಟಿ, ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ನಿಧಾನವಾಗಿ ನೀರು ಹೊಯ್ಯಬೇಕು. ಬಟ್ಟೆಯ ಅಡಿಯಲ್ಲಿ ಮೂರನೆಯ ಹನಿ ಕಾಣಿಸಿಕೊಂಡಾಗ ನೀರು ಎಷ್ಟು ಎತ್ತರದಲ್ಲಿದೆಯೆಂದು ಗುರುತು ಹಾಕಬೇಕು. ಬರಿಯ ಹತ್ತಿ, ಪಟಿಕದ ಹತ್ತಿ, ಮೇಣದ ಹತ್ತಿ, ಪೇಟೆಯ ಪ್ಲಾಸ್ಟಿಕ್: ನಾಲ್ಕನ್ನೂ ಹೋಲಿಸಿದರೆ ಮಕ್ಕಳು ಭೌತವಿಜ್ಞಾನವನ್ನು ಮಾತ್ರವಲ್ಲ, ಮಾರಾಟಗಾರನ ಮಾತನ್ನು ಅಳೆದುನೋಡುವ ವಿದ್ಯೆಯನ್ನೂ ಕಲಿತಾರು. 'ಜಲನಿರೋಧಕ' ಎಂದು ಬರೆದ ಪ್ರತಿಯೊಂದು ಅಂಗಿಯ ಮೇಲೂ ಅದು ಎಷ್ಟು ಮಿಲಿಮೀಟರ್ ನೀರಿನ ಒತ್ತಡವನ್ನು ತಡೆಯುವುದೆಂದು, ಅದರ ಲೇಪ ಯಾವ ವಸ್ತುವಿನದೆಂದು ಮುದ್ರಿಸುವಂತೆ ಗ್ರಾಹಕರು ಒತ್ತಾಯಿಸುವುದು ಯುಕ್ತ.

ಬೇಸ ತಿಂಗಳ ಹತ್ತನೆಯ ದಿನ, ಸಾಮಾನ್ಯವಾಗಿ ಮೇ 24ರ ಸುಮಾರಿಗೆ, ನಮ್ಮಲ್ಲಿ ಪತ್ತನಾಜೆ ಬರುತ್ತದೆ. ಯಕ್ಷಗಾನ ಮೇಳಗಳು ಅಂದು ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮಗಳು ನಿಲ್ಲುತ್ತವೆ, ಜನ ಮಳೆಗೆ ಸಿದ್ಧರಾಗುತ್ತಾರೆ. ಕಟ್ಟಿಗೆಯನ್ನು ಒಳಗೆ ಸೇರಿಸುವ, ಮಾಡಿನ ಹಂಚನ್ನು ಸರಿಪಡಿಸುವ, ತೋಡಿನ ಹೂಳೆತ್ತುವ ಆ ದಿನಗಳಲ್ಲಿ ಹಳೆಯ ಜಾಕೆಟ್ಟಿಗೆ ಮೇಣ ಹಿಡಿಸುವ ಕೆಲಸವನ್ನೂ ಸೇರಿಸಿಕೊಳ್ಳಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ. ಬಿಸಿಲಿರುವಾಗಲೇ ಅದು ಆಗಬೇಕು. ಮಳೆ ಹಿಡಿದ ಮೇಲೆ ಬಟ್ಟೆ ಒಣಗುವುದೂ ಇಲ್ಲ, ಮೇಣ ಹಿಡಿಯುವುದೂ ಇಲ್ಲ.